ಅರ್ಧಚಂದ್ರದ ಕಡಲಂಚಿನಲ್ಲಿ

ಚಾಮರಾಜನಗರ, ಗುಂಡ್ಲುಪೇಟೆಗಳ ನಮ್ಮ ಹುಡುಗರಿಗೆ ನೀರೆಂದರೆ ಊರ ಕೆರೆ, ತೋಟದ ಬಾವಿ, ಹೆಚ್ಚೆಂದರೆ ಸುವರ್ಣಾವತಿಯ ಜಲಾಶಯ. ಗುಂಡ್ಲುಪೇಟೆಯಿಂದ ನೇರವಾಗಿ ಗೆರೆ ಎಳೆದರೆ ಕೋಳಿಕ್ಕೋಡಿನ ಕಡಲು ಸುಮಾರು 120 ಕಿಲೋಮೀಟರುಗಳಷ್ಟು ಮಾತ್ರ ದೂರ. ನಮ್ಮ ಹೊಲಗಳಿಗೆ ಮುಂಗಾರು ಮಳೆಯನ್ನು ಕಳುಹುವುದೂ ಆ ಅರಬ್ಬೀ ಸಮುದ್ರವೇ. ಆದರೂ ಕಳೆದ ಫೆಬ್ರುವರಿಯಲ್ಲಿ ನನ್ನೊಡನೆ ಗೋಕರ್ಣಕ್ಕೆ ಬಂದ ಹದಿನಾಲ್ಕು ಮಂದಿ ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿ ಸಮುದ್ರವನ್ನು ಕಣ್ಣಿನಿಂದ ಕಂಡವರಲ್ಲ.

ಗೋಕರ್ಣವು ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ, ಗಂಗಾವಳಿ ಮತ್ತು ಅಘನಾಶಿನಿ ನದಿಗಳ ನಡುವೆ ಇರುವ ಕ್ಷೇತ್ರ. ಮಹಾಬಲೇಶ್ವರನ ದರ್ಶನಕ್ಕೆ ಬರುವವರ ಜೊತೆಗೆ ಕಡಲನ್ನೇ ಅರಸಿ ಬರುವವರೂ ಈಗ ಅಸಂಖ್ಯ. ಊರಿನ ದಕ್ಷಿಣಕ್ಕೆ ಕುಡ್ಲೆ, ಅದರಾಚೆ ಎರಡು ಅರ್ಧವೃತ್ತಗಳು ಕೂಡಿ ಓಂಕಾರದಂತೆ ಕಾಣುವ ಓಂ ಬೀಚ್. ಇಲ್ಲಿಯವರೆಗೆ ಜನಸಂದಣಿ. ಓಂ ತೀರದ ದಕ್ಷಿಣದ ತುದಿಯಿಂದ ಗುಡ್ಡವನ್ನು ಹತ್ತಿ ಕಾಲುದಾರಿಯಲ್ಲಿ ಅರ್ಧ ಗಂಟೆ ನಡೆದರೆ ಮಾತ್ರ ಹಾಫ್ ಮೂನ್ ಎಂಬ ಪುಟ್ಟ ಕೊಲ್ಲಿ ದೊರೆಯುತ್ತದೆ. ನಡೆಯಲೊಲ್ಲದವರು ದೋಣಿಯಲ್ಲಿ ಬರುತ್ತಾರೆ.

ದಾರಿಯುದ್ದಕ್ಕೂ ಕಾಲಡಿಯಲ್ಲಿ ಕೆಂಪಾದ, ತೂತುತೂತಾದ ಕಲ್ಲು. ಇದೇ ಜಂಬಿಟ್ಟಿಗೆ; ಅಲ್ಲಿನವರು ಚಿರೇಕಲ್ಲು ಎನ್ನುತ್ತಾರೆ. ಟಿಪ್ಪುವಿನ ಪತನದ ಬಳಿಕ ನಮ್ಮ ಸೀಮೆಯಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರದು. ಮಲಬಾರಿನ ಜನರು ಅದನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟುವುದನ್ನು ಆತ ಕಂಡಿದ್ದನು.

ಗುಡ್ಡವನ್ನು ಇಳಿಯುತ್ತಲೇ ನಮಗೆ ಕಂಡ ದೃಶ್ಯ ವಿಚಿತ್ರವಾಗಿತ್ತು. ಎರಡು ಪಕ್ಕಗಳಲ್ಲಿಯೂ ಕಡಲಿಗೆ ಚಾಚಿದ ಬಂಡೆಗಳ ಮೇಲೆ ಅಲೆಗಳು ಅಬ್ಬರಿಸಿ ನೊರೆಯೆಬ್ಬಿಸುತ್ತಿದ್ದುವು. ನಡುವಿನ ಬಿಲ್ಲಿನಾಕಾರದ ಮರಳಿನಲ್ಲಿ ಅವೇ ಅಲೆಗಳು ಸಾಧುವಾಗಿ ಬಂದು ಕಾಲು ತೊಳೆದು ಹೋಗುತ್ತಿದ್ದುವು. ಒಂದೇ ಕಡಲು, ಒಂದೇ ಗಾಳಿ, ಈ ಭೇದವೇಕೆ?

ಮೊದಲು ಅಲೆಗಳನ್ನು ಎಣಿಸಿದೆವು. ಬಂಡೆಯೊಂದಕ್ಕೆ ಹತ್ತು ಅಲೆಗಳು ಬಂದು ತಾಗಲು 2 ನಿಮಿಷ 10 ಸೆಕೆಂಡುಗಳಾದುವು. ಅಂದರೆ ಆವರ್ತಕಾಲ 13 ಸೆಕೆಂಡು. ಗಡಿಯಾರವೊಂದರಿಂದ ದೊರೆತ ಈ ಒಂದು ಸಂಖ್ಯೆಯಲ್ಲಿ ಎಷ್ಟೋ ಸಂಗತಿಗಳು ಅಡಗಿವೆ. ಆಳವಾದ ಕಡಲಿನಲ್ಲಿ ಅಲೆಯ ವೇಗವು ಅದರ ಆವರ್ತಕಾಲವನ್ನು 1.56ರಿಂದ ಗುಣಿಸಿದಷ್ಟು: ಇಲ್ಲಿ ಸೆಕೆಂಡಿಗೆ ಸುಮಾರು 20 ಮೀಟರು. ತರಂಗದೂರ 260 ಮೀಟರುಗಳಿಗೂ ಮಿಗಿಲು. ದಡದ ತಂಗಾಳಿ ಇಂಥ ನೀಳವಾದ ಅಲೆಯನ್ನು ಹುಟ್ಟಿಸಲಾರದು. ದೂರದ ಬಿರುಗಾಳಿಯಲ್ಲಿ ಹುಟ್ಟಿ, ಗಾಳಿಯನ್ನು ಹಿಂದೆ ಬಿಟ್ಟು ಬಂದ ಅಲೆಗಳಿವು. ಇಂಥವು ಸಮಭಾಜಕ ವೃತ್ತದಾಚೆಗಿನ, ದಕ್ಷಿಣ ಅಕ್ಷಾಂಶ 40-50 ಡಿಗ್ರಿಗಳ ಬಿರುಗಾಳಿಯ ಪ್ರದೇಶದಿಂದಲೂ ನಮ್ಮ ಕರಾವಳಿಗೆ ಬರುವುದುಂಟು. ಅಲೆಗಳ ತಂಡವು ಒಂಟಿ ಅಲೆಯ ಅರ್ಧ ವೇಗದಿಂದ ಸಾಗುವುದರಿಂದ ದಿನಕ್ಕೆ ಸುಮಾರು 880 ಕಿಲೋಮೀಟರು ಕ್ರಮಿಸುತ್ತದೆ. ಸುಮಾರು 6,600 ಕಿಲೋಮೀಟರುಗಳ ಆ ಹಾದಿಗೆ ಏಳೆಂಟು ದಿನ ಬೇಕು. ನಾವು ಊರಿನಲ್ಲಿ ಬುತ್ತಿ ಕಟ್ಟುವುದಕ್ಕೆ ಮೊದಲೇ ಈ ಅಲೆಗಳು ಹೊರಟಿದ್ದಿರಬೇಕು!

ಆಳವು ತರಂಗದೂರದ ಅರ್ಧಕ್ಕಿಂತ ಕಡಿಮೆಯಾದೊಡನೆ ಅಲೆಗೆ ತಳದ ಅರಿವಾಗುತ್ತದೆ. ಮುಂದೆ ಆಳ ಇನ್ನೂ ತಗ್ಗಿದಾಗ ವೇಗವನ್ನು ನಿಶ್ಚಯಿಸುವುದು ಆಳವೊಂದೇ. 10 ಮೀಟರು ಆಳದಲ್ಲಿ ವೇಗ ಸೆಕೆಂಡಿಗೆ ಸುಮಾರು 10 ಮೀಟರು, 2.5 ಮೀಟರಿನಲ್ಲಿ 5 ಮೀಟರು. ಕವಾಯತಿನ ಸಾಲೊಂದು ಗಟ್ಟಿ ನೆಲದಿಂದ ಓರೆಯಾಗಿ ಉತ್ತ ಹೊಲಕ್ಕೆ ಕಾಲಿಟ್ಟಿತೆನ್ನಿ. ಮೊದಲು ಹೊಲಕ್ಕಿಳಿದವರ ನಡಿಗೆ ನಿಧಾನವಾಗಿ, ಉಳಿದವರು ಮುಂದೆ ಸಾಗಿ, ಸಾಲು ತಾನಾಗಿ ಬಾಗುತ್ತದೆ. ಗಾಜಿನೊಳಕ್ಕೆ ಬೆಳಕು ಬಾಗುವುದೂ ಹೀಗೆಯೇ, ಇದೇ ವಕ್ರೀಭವನ.

ಕೊಲ್ಲಿಯ ಇಕ್ಕೆಲಗಳ ಬಂಡೆಗಳ ಮುಂದೆ ತಳವು ಬೇಗನೆ ಮೇಲೇರುತ್ತದೆ. ಅಲೆಯ ಆ ಭಾಗವು ಮೊದಲು ನಿಧಾನಗೊಂಡು, ಅಕ್ಕಪಕ್ಕದ ಭಾಗಗಳು ಬಂಡೆಯ ಕಡೆಗೇ ತಿರುಗುತ್ತವೆ. ಶಕ್ತಿಯೆಲ್ಲ ಮಸೂರದಿಂದ ಬಂದಂತೆ ಅಲ್ಲಿ ಕೇಂದ್ರೀಕೃತವಾಗುತ್ತದೆ. ಕೊಲ್ಲಿಯೊಳಗೆ ಇದಕ್ಕೆ ವಿರುದ್ಧ: ಅಲೆಯು ಹಿಗ್ಗುತ್ತ, ಬಿಲ್ಲಿನಂತೆ ಬಾಗುತ್ತ ಬರುತ್ತದೆ. 100 ಮೀಟರು ಅಗಲದ ಅಲೆಯ ಶಕ್ತಿ 200 ಮೀಟರಿಗೆ ಹರಡಿದರೆ, ಶಕ್ತಿಯು ಎತ್ತರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಉಳಿದುದೆಲ್ಲ ಸಮವಿದ್ದಾಗ ಎತ್ತರವು ಹತ್ತರಲ್ಲಿ ಏಳು ಪಾಲಿಗಿಳಿಯುತ್ತದೆ. ಬಂಡೆಗಳ ಬಳಿ ಮರಳು ನಿಲ್ಲದೆ ಇಲ್ಲಿ ನೆಲೆಸುವುದೂ ಇದರಿಂದಲೇ. ಅಲೆಯ ಬಿಲ್ಲಿಗೂ ದಡದ ಬಿಲ್ಲಿಗೂ ಹೋಲಿಕೆ ಇರುವುದು ಕಾಕತಾಳೀಯವಲ್ಲ.

ಇದನ್ನೆಲ್ಲ ನಾನು ಮರಳಿನ ಮೇಲೆ ಕೋಲಿನಿಂದ ಬರೆದು ವಿವರಿಸಿದೆನು. ಕೊನೆಗೆ, ಅಲೆ ಸಣ್ಣದಾಗಿರುವಲ್ಲಿ ನೀರಿಗಿಳಿಯಬಹುದೆಂದೂ ಹೇಳಿದೆನು. ಆ ಮಾತನ್ನು ನಾನು ಆಡಬಾರದಾಗಿತ್ತು.

ನಮ್ಮ ತಂಡದ ಹುಡುಗನೊಬ್ಬ ತನ್ನೂರ ಕೆರೆಯನ್ನು ಈಜಿ ದಾಟಿದವನು. ಉತ್ತರದ ಬಂಡೆಯ ಮಗ್ಗುಲಲ್ಲಿ ನೊರೆಯೇ ಇಲ್ಲದ, ಎಣ್ಣೆ ಸವರಿದಂತಿದ್ದ ನೀರಿನ ಪಟ್ಟಿಯೊಂದನ್ನು ಅವನು ಕಂಡನು. “ಸಾರ್, ಇಲ್ಲಿ ಅಲೆಯೇ ಇಲ್ಲ!” ಎಂದು ಕೂಗಿ ಇಳಿದನು. ನಾನು ಮೂವರ ತಲೆ ಎಣಿಸಿ ಮತ್ತೆ ನೋಡುವಷ್ಟರಲ್ಲಿ ಅವನು ಮೂವತ್ತು ಮೀಟರು ಆಚೆಗಿದ್ದನು. ದಡದ ಕಡೆಗೆ ಮುಖ ಮಾಡಿ ಬಲವಾಗಿ ಕೈಬೀಸುತ್ತಿದ್ದನು. ದೂರ ಮಾತ್ರ ಹೆಚ್ಚುತ್ತಲೇ ಇತ್ತು. ಬಲೆ ಬಿಡಿಸುತ್ತ ಕುಳಿತಿದ್ದ ವೃದ್ಧ ಮೀನುಗಾರರೊಬ್ಬರು ಒಂದು ಮಾತೂ ಆಡದೆ ದೋಣಿಯನ್ನು ತಳ್ಳಿದರು. ಐದು ನಿಮಿಷಗಳಲ್ಲಿ ಹುಡುಗ ಮರಳಿನ ಮೇಲಿದ್ದನು, ಮೈಯೆಲ್ಲ ನಡುಕ. ನನಗೂ ಅಷ್ಟೇ.

ಮೀನುಗಾರರು ನನ್ನ ಕಡೆ ತಿರುಗಿ, “ಮಾಸ್ತರೇ, ಅಲೆ ಒಡೆಯುವಲ್ಲಿ ಹೊಯ್ಗೆ ಉಂಟು. ಒಡೆಯದಲ್ಲಿ ಹೊಯ್ಗೆ ಇಲ್ಲ” ಎಂದಷ್ಟೇ ಹೇಳಿ ಮತ್ತೆ ಬಲೆಯ ಮುಂದೆ ಕುಳಿತರು.

ನನ್ನ ಪಾಠದಲ್ಲಿ ಬಿಟ್ಟುಹೋಗಿದ್ದುದು ಇದೇ. ಅಲೆಯ ಎತ್ತರವು ಆಳದ ಹತ್ತರಲ್ಲಿ ಎಂಟು ಪಾಲನ್ನು ಮುಟ್ಟಿದಾಗ ಅಲೆ ಒಡೆಯುತ್ತದೆ. ಒಂದು ಮೀಟರಿನ ಅಲೆ ಸುಮಾರು 1.3 ಮೀಟರು ಆಳದಲ್ಲಿ. ಆದುದರಿಂದ ನೊರೆಯೆಂಬುದು ತಳವು ಮೇಲಿದೆಯೆಂಬುದರ ಗುರುತು. ಅಕ್ಕಪಕ್ಕದಲ್ಲಿ ಒಡೆಯುವ ಅಲೆಯು ನಡುವೆ ಒಂದೆಡೆ ಮಾತ್ರ ಒಡೆಯದಿದ್ದರೆ ಅಲ್ಲಿ ಆಳವಾದ ಕಾಲುವೆಯಿದೆಯೆಂದು ತಿಳಿಯಬೇಕು. ಅಲೆಗಳು ದಡಕ್ಕೆ ಎತ್ತಿ ತಂದ ನೀರು ಹಿಂದಿರುಗಲೇಬೇಕಷ್ಟೆ? ಅದು ದಡದುದ್ದಕ್ಕೂ ಹರಿದು, ಬಂಡೆ ಅಡ್ಡ ಬಂದಲ್ಲಿ ತಿರುಗಿ, ಆ ಕಾಲುವೆಯಿಂದಲೇ ಕಡಲಿಗೆ ಓಡುತ್ತದೆ. ಈ ಸೆಳವಿನ ವೇಗ ಬಹಳ ಸಲ ಸೆಕೆಂಡಿಗೆ ಅರ್ಧ ಮೀಟರಿನಷ್ಟು. ಕೆಲವೊಮ್ಮೆ 2 ಮೀಟರನ್ನೂ ಮುಟ್ಟುತ್ತದೆ. ಜಗತ್ತಿನ ಶ್ರೇಷ್ಠ ಈಜುಗಾರರು ನೂರು ಮೀಟರಿನ ಸ್ಪರ್ಧೆಯಲ್ಲಿ ಈಜುವ ವೇಗವೂ ಹೆಚ್ಚುಕಡಿಮೆ ಅಷ್ಟೇ.

ಕೊಲ್ಲಿಯಲ್ಲಿ ಶಾಂತವಾದ ನೀರು ಎರಡು ಬಗೆಯದೆಂದಾಯಿತು. ನಡುವಿನದು ಶಕ್ತಿ ಹರಡಿಹೋದುದರಿಂದ ಶಾಂತ; ಅಂಚಿನದು ಆಳದಿಂದ ಶಾಂತ. ಕೆರೆಯಲ್ಲಿ ಈಜು ಕಲಿತ ಕಣ್ಣಿಗೆ ಎರಡೂ ಒಂದೇ.

“ಸುಳಿ ಎಳೆದುಕೊಂಡಿತು” ಎಂದು ಪತ್ರಿಕೆಗಳು ಬರೆಯುವುದುಂಟು. ಸೆಳವು ಸುಳಿಯಲ್ಲ, ಅದು ಯಾರನ್ನೂ ತಳಕ್ಕೆ ಎಳೆಯುವುದಿಲ್ಲ, ಆಚೆಗೆ ಒಯ್ಯುತ್ತದೆ. ಮುಳುಗಿಸುವುದು ಅದಕ್ಕೆದುರಾಗಿ ಈಜಿ ಬರುವ ದಣಿವು. ಸಿಕ್ಕಿಬಿದ್ದವನು ಮೊದಲು ತೇಲಬೇಕು, ಕೈಯೆತ್ತಿ ಕೂಗಬೇಕು. ಈಜಬಲ್ಲವನು ದಡಕ್ಕೆ ಸಮಾಂತರವಾಗಿ, ಬಂಡೆಯಿಂದ ದೂರಕ್ಕೆ, ಅಲೆ ಒಡೆಯುತ್ತಿರುವ ಕಡೆಗೆ ಈಜಬೇಕು. ಅಲ್ಲಿಂದ ಅಲೆಗಳೇ ದಡಕ್ಕೆ ನೂಕುತ್ತವೆ. ದಡದಲ್ಲಿರುವವರು ಬರಿಗೈಯಲ್ಲಿ ಹಾರದೆ ತೇಲುವ ವಸ್ತುವನ್ನು, ಖಾಲಿ ಕ್ಯಾನನ್ನಾದರೂ ಸರಿ, ಎಸೆಯಬೇಕು. ಮಳೆಗಾಲದಲ್ಲಂತೂ ಈ ತೀರಗಳಲ್ಲಿ ನೀರಿಗಿಳಿಯುವ ಮಾತೇ ಬೇಡ.

ಮಧ್ಯಾಹ್ನದ ಮೇಲೆ ಯಾರೂ ನೀರಿಗಿಳಿಯಲಿಲ್ಲ. ಗುಡ್ಡದ ಅರ್ಧಕ್ಕೆ ಹತ್ತಿ ಕುಳಿತು ಕೆಳಗೆ ನೋಡಿದೆವು. ಎತ್ತರದಿಂದ ಆ ಕಾಲುವೆ ಸ್ಪಷ್ಟವಾಗಿ ಕಾಣುತ್ತಿತ್ತು: ಬಂಡೆಯ ಬದಿಯಲ್ಲಿ ಗಾಢವಾದ ಪಟ್ಟಿ, ಅದರ ತುದಿಯಲ್ಲಿ ಕಡಲಿಗೆ ಹೊರಟ ಮಣ್ಣುಬಣ್ಣದ ನೀರು. ಒಬ್ಬಳು ತೆಂಗಿನ ಸಿಪ್ಪೆಯೊಂದನ್ನು ಆಯ್ದು ತಂದಳು. ಸೆಳವಿನಿಂದ ಪಾರಾದ ಹುಡುಗನೇ ಬಂಡೆಯ ಮೇಲಿಂದ ಅದನ್ನು ಆ ಪಟ್ಟಿಗೆ ಎಸೆದನು. ನಾನು ಗಡಿಯಾರ ಹಿಡಿದೆನು. ಸಿಪ್ಪೆಯು ಸುಮಾರು 40 ಮೀಟರು ಸಾಗಲು 50 ಸೆಕೆಂಡುಗಳಾದುವು.