ಮೊದಲ ಕ್ಯಾಮೆರಾ: ಡಬ್ಬದ ಮೇಲಿನ ಅಂಕಿಗೆ ಮರುಳಾಗಬೇಡಿ

ಹೊಸದಾಗಿ ಕ್ಯಾಮೆರಾ ಕೊಳ್ಳಲು ಹೊರಟವರಿಗೆ ಸಲಹೆಗೇನೂ ಬರವಿಲ್ಲ. ಮದುವೆ ಮನೆಯ ಫೋಟೋಗ್ರಾಫರ್ ಒಂದು ಹೇಳುತ್ತಾನೆ, ಅಂಗಡಿಯವನು ಇನ್ನೊಂದು, ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಮತ್ತೊಂದು. ಹಾಗೆ ಬಾಯಿಂದ ಬಾಯಿಗೆ ಬಂದ ಕೆಲವು ಮಾತುಗಳನ್ನು ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಮೆಗಾಪಿಕ್ಸೆಲ್ ಹೆಚ್ಚಿದಷ್ಟೂ ಫೋಟೋ ಚೆನ್ನ.

ವಾಸ್ತವ: ಎಷ್ಟು ದೊಡ್ಡ ಪ್ರಿಂಟ್ ಹಾಕಿಸಬಹುದು ಎಂಬುದನ್ನಷ್ಟೇ ಮೆಗಾಪಿಕ್ಸೆಲ್ ಹೇಳುತ್ತದೆ. 24 ಮೆಗಾಪಿಕ್ಸೆಲ್ ಎಂದರೆ ಒಂದು ಬದಿಗೆ 6000, ಇನ್ನೊಂದಕ್ಕೆ 4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ 12×18 ಇಂಚಿನ ಪ್ರಿಂಟಿಗೆ ಇದು ಧಾರಾಳ. 4ಕೆ ಟಿವಿಯ ಪರದೆಯಲ್ಲಿರುವುದೇ ಸುಮಾರು 8 ಮೆಗಾಪಿಕ್ಸೆಲ್. ಕೇಳಬೇಕಾದ್ದು ಬೆಳಕು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು ಎಂದು. ಜೇಬಿನಲ್ಲಿ ಹಿಡಿಯುವ ಅಗ್ಗದ ಕ್ಯಾಮೆರಾಗಳಲ್ಲಿ ಅದು ಸಾಮಾನ್ಯವಾಗಿ 6.2×4.6 ಮಿ.ಮೀ.; ಲೆನ್ಸ್ ಬದಲಿಸಬಹುದಾದ ಅನೇಕ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಆದರೆ ಸುಮಾರು 23.5×15.6 ಮಿ.ಮೀ. ವಿಸ್ತೀರ್ಣದಲ್ಲಿ ಹದಿಮೂರು ಪಟ್ಟು ವ್ಯತ್ಯಾಸ. ಮುಸ್ಸಂಜೆಯ ಫೋಟೋ ರವೆ ಚೆಲ್ಲಿದಂತೆ ಕಾಣುವುದೋ ಇಲ್ಲವೋ ಎಂಬುದು ಹೆಚ್ಚಾಗಿ ಇದರ ಮೇಲೆ ನಿಂತಿದೆ.

ತಪ್ಪು ಕಲ್ಪನೆ 2: ಹಕ್ಕಿ ಫೋಟೋ ತೆಗೆಯಲು ‘ಎಕ್ಸ್’ ಜಾಸ್ತಿ ಇರಬೇಕು.

ವಾಸ್ತವ: ಎಕ್ಸ್ ಬರೀ ಭಾಗಾಕಾರ: ಲೆನ್ಸಿನ ಕೊನೆಯ ಅಂಕಿಯನ್ನು ಮೊದಲ ಅಂಕಿಯಿಂದ ಭಾಗಿಸಿದ್ದು. 18-140 ಮಿ.ಮೀ. ಲೆನ್ಸ್ ಹತ್ತಿರಹತ್ತಿರ 8 ಎಕ್ಸ್. ಹಕ್ಕಿ ಹಿಂದೆ ಅಲೆಯುವವರು ಹೊತ್ತು ತಿರುಗುವ 100-400 ಮಿ.ಮೀ. ಲೆನ್ಸ್ ಬರೀ 4 ಎಕ್ಸ್. ದೂರದ್ದನ್ನು ಹತ್ತಿರ ತರುವುದು ಆ ಕೊನೆಯ ಅಂಕಿ. ಇನ್ನು ‘ಡಿಜಿಟಲ್ ಜೂಮ್’ ಎಂದರೆ ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸುವುದು. ಆ ಕೆಲಸವನ್ನು ಮನೆಯಲ್ಲಿ ಕೂತು ನೀವೇ ಮಾಡಬಹುದು.

ತಪ್ಪು ಕಲ್ಪನೆ 3: ಬಾಡಿ ದುಬಾರಿಯದಾದರೆ ಆಯಿತು, ಲೆನ್ಸ್ ಜೊತೆಗೆ ಬಂದದ್ದೇ ಸಾಕು.

ವಾಸ್ತವ: ಒಂದು ರಾತ್ರಿ ಯಕ್ಷಗಾನದ ರಂಗಸ್ಥಳದೆದುರು ಕೂತು ನೋಡಿ. 18-55 ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದರ ಬಾಯಿ ಎಫ್/5.6ಕ್ಕಿಂತ ಅಗಲ ತೆರೆಯದು (ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ಅಗಲ). ಅಲ್ಲಿನ ಬೆಳಕಿಗೆ ಶಟರ್ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ತೆರೆದಿರಬೇಕು ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ವೇಷ ಧೀಂಗಿಣ ಹಾಕಿದರೆ ಫೋಟೋದಲ್ಲಿ ಉಳಿಯುವುದು ಕೆಂಪು-ಹಸಿರಿನ ಬರೀ ಗೀಟು. ಅದೇ ಬಾಡಿಗೆ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿ. ಒಳಬರುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ, ಶಟರಿಗೆ ಸೆಕೆಂಡಿನ ಇನ್ನೂರರಲ್ಲೊಂದು ಭಾಗ ಸಾಕಾಗುತ್ತದೆ. ವೇಷದ ಮುಖ ಗುರುತು ಸಿಗುತ್ತದೆ, ಹಣೆಯ ನಾಮವೂ ಕಾಣುತ್ತದೆ. ಹಲವು ಕಂಪನಿಗಳಲ್ಲಿ ಅಗ್ಗಕ್ಕೆ ಸಿಗುವ ಲೆನ್ಸ್‌ಗಳಲ್ಲಿ ಇದೂ ಒಂದು. ಬಾಡಿ ನಾಲ್ಕಾರು ವರ್ಷಕ್ಕೆ ಹಳತಾದರೂ ಒಳ್ಳೆಯ ಲೆನ್ಸ್ ಮುಂದಿನ ಬಾಡಿಗೂ ಬರುತ್ತದೆ.

ತಪ್ಪು ಕಲ್ಪನೆ 4: ಮಿರರ್‌ಲೆಸ್ ಬಂದಮೇಲೆ ಡಿಎಸ್‌ಎಲ್‌ಆರ್ ಗುಜರಿ ಮಾಲು.

ವಾಸ್ತವ: 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಮೇಲೆ ಬೆಳೆದ, ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಈಗ ಮಾರುಕಟ್ಟೆಯ ಯಜಮಾನ, ನಿಜ. ಆದರೆ ಡಿಎಸ್‌ಎಲ್‌ಆರ್‌ನ ಕನ್ನಡಿ ಇರುವುದು ನಾವು ಕಣ್ಣಿಟ್ಟು ನೋಡಲಿಕ್ಕೆ. ಕ್ಲಿಕ್ಕಿಸುವ ಗಳಿಗೆಯಲ್ಲಿ ಅದು ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದರಿಂದ ಚಿತ್ರ ಕೆಡುವುದಿಲ್ಲ. ವಿಡಿಯೋ ಮತ್ತು ಕಣ್ಣನ್ನೇ ಹುಡುಕಿ ಹಿಡಿಯುವ ಫೋಕಸ್ ಬೇಕಿದ್ದರೆ ಮಿರರ್‌ಲೆಸ್. ಕಡಿಮೆ ದುಡ್ಡಿನಲ್ಲಿ ಕಲಿಯಬೇಕಿದ್ದರೆ ಬಳಸಿದ ಡಿಎಸ್‌ಎಲ್‌ಆರ್.

ತಪ್ಪು ಕಲ್ಪನೆ 5: ಸೆಕೆಂಡ್ ಹ್ಯಾಂಡ್ ಕೊಂಡರೆ ಟೋಪಿ ಬಿತ್ತೆಂದೇ ಲೆಕ್ಕ.

ವಾಸ್ತವ: ನೋಡದೆ ಕೊಂಡರೆ ಮಾತ್ರ. ಮೊದಲು ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಕ್ಲಿಕ್ ಆಗಿದೆ ಎಂದು ಕೇಳಿ. ಅನೇಕ ಮಾದರಿಗಳ ಶಟರ್ ಲಕ್ಷ ಕ್ಲಿಕ್ಕಿನ ಆಸುಪಾಸು ಬಾಳುವಂತೆ ತಯಾರಾಗಿರುತ್ತದೆ. ಆಮೇಲೆ ಲೆನ್ಸಿನ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬ್ಯಾಗಿನೊಳಗೇ ಮಲಗಿದ್ದ ಲೆನ್ಸಿಗೆ ತಗಲುವ ರೋಗ. ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ನಿಮ್ಮ ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ.

ತಪ್ಪು ಕಲ್ಪನೆ 6: ಬಿಲ್ ಬೇಡವೆಂದರೆ ಉಳಿತಾಯ.

ವಾಸ್ತವ: ಬಿಲ್ಲೂ ಇಲ್ಲ, ಭಾರತದ ವಾರಂಟಿಯೂ ಇಲ್ಲವೆಂದರೆ ಕೆಟ್ಟ ದಿನ ರಿಪೇರಿ ಖರ್ಚು ಪೂರ್ತಿ ನಿಮ್ಮದೇ.

ಕೊನೆಗೊಂದು ಮಾತು. ಅಂಗಡಿಯಲ್ಲಿ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಹತ್ತು ನಿಮಿಷ ನಿಂತು ನೋಡಿ. ಅಲ್ಲೇ ಭಾರವೆನಿಸಿದರೆ ಅದು ನಿಮ್ಮ ಜೊತೆ ಜಾತ್ರೆಗೆ ಬಾರದು, ಬೀರುವಿನಲ್ಲೇ ಉಳಿಯುತ್ತದೆ.