ಬಲಿಪೀಠದ ಬಿಳಿಯ ದ್ರಾಕ್ಷಾರಸ

ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: ರಕ್ತ ಕೆಂಪಲ್ಲವೇ, ಸ್ವಾಮಿಗಳು ಪೂಜಾಪಾತ್ರೆಗೆ ಸುರಿಯುವ ದ್ರಾಕ್ಷಾರಸ ಜೇನಿನ ಬಣ್ಣದಲ್ಲಿರುವುದೇಕೆ? ಹಿರಿಯರಾದ ನಾವು ಹೀಗೆ ಕೇಳುವ ಮಗುವಿನ ಬಾಯಿ ಮುಚ್ಚಿಸಿದ್ದೇ ಹೆಚ್ಚು. ಆದರೆ ಕೇಳಬೇಕಾದ ಪ್ರಶ್ನೆಯೇ ಅದು.

ಧರ್ಮಸಭೆಯ ಶಾಸನಕ್ಕೆ ಬಣ್ಣದ ಹಂಗಿಲ್ಲ. 1983ರ ಶಾಸನ ಸಂಹಿತೆಯ 924ನೆಯ ವಿಧಿ ಕೇಳುವುದು ಇಷ್ಟೇ: ರಸವು ದ್ರಾಕ್ಷಿಬಳ್ಳಿಯ ಹಣ್ಣಿನಿಂದಲೇ ಬಂದ ಸಹಜವಾದ ರಸವಾಗಿರಬೇಕು, ಕೆಟ್ಟಿರಬಾರದು. ಬಿಳಿಯದು ಹೆಚ್ಚು ಬಳಕೆಗೆ ಬಂದದ್ದಕ್ಕೆ ಕಾರಣ ಬಹಳ ಸರಳ. ಪಾತ್ರೆಯನ್ನು ಒರೆಸುವ ನಾರುಬಟ್ಟೆ 16ನೆಯ ಶತಮಾನದ ಹೊತ್ತಿಗೆ ಎಲ್ಲೆಡೆ ರೂಢಿಗೆ ಬಂದಿತು. ಕೆಂಪು ರಸದ ಕಲೆ ಆ ಬಟ್ಟೆಯಿಂದ ಸುಲಭವಾಗಿ ಹೋಗದು. ಬಲಿಪೀಠದ ವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡುವ ತಾಯಂದಿರಿಗೂ ಧರ್ಮಭಗಿನಿಯರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಣ್ಣವಿರುವುದು ಹಣ್ಣಿನ ಸಿಪ್ಪೆಯಲ್ಲಿ. ಕಪ್ಪು ದ್ರಾಕ್ಷಿಯನ್ನೂ ಹಿಂಡಿದೊಡನೆ ಸಿಪ್ಪೆ ಬೇರ್ಪಡಿಸಿದರೆ, ಕೆಲವೇ ತಳಿಗಳನ್ನು ಬಿಟ್ಟು, ತಿಳಿಯಾದ ರಸವೇ ದೊರೆಯುತ್ತದೆ. ಸಿಪ್ಪೆಯೊಡನೆ ಹುಳಿಯಲು ಬಿಟ್ಟರೆ ಕೆಂಪೇರುತ್ತದೆ. ಆದರೂ ಬಿಳಿಯ ರಸಕ್ಕೆಂದೇ ಬೆಳೆಸುವ ಹಸಿರು-ಹೊಂಬಣ್ಣದ ತಳಿಗಳು ನೂರಾರು. ಅವುಗಳಲ್ಲಿ ಹಲವನ್ನು ಉಳಿಸಿ ಬೆಳೆಸಿದವರಲ್ಲಿ ನಮ್ಮ ಮಠವಾಸಿಗಳೂ ಇದ್ದಾರೆ. ದಿನನಿತ್ಯದ ಬಲಿಪೂಜೆಗೆ ರಸ ಬೇಕಿದ್ದುದರಿಂದ ಮಠವಿದ್ದಲ್ಲಿ ತೋಟವೂ ಇತ್ತು.

ಜರ್ಮನಿಯ ರೈನ್ ನದಿಯ ದಂಡೆಯ ಯೊಹಾನಿಸ್‌ಬೆರ್ಗ್ ಇಂತಹ ಒಂದು ಸ್ಥಳ. ಬೆನೆಡಿಕ್ಟಿನ್ನರ ಈ ಹಳೆಯ ಮಠದ ಆಸ್ತಿಯನ್ನು 1716ರಲ್ಲಿ ಫುಲ್ಡಾದ ಮಠಾಧಿಪತಿಗಳು ಕೊಂಡುಕೊಂಡರು; 1720ರಲ್ಲಿ ರೀಸ್ಲಿಂಗ್ ಎಂಬ ತಳಿಯ ಬಳ್ಳಿಗಳನ್ನು ಅಲ್ಲಿ ಅಪಾರ ಸಂಖ್ಯೆಯಲ್ಲಿ ನೆಡಿಸಿದರು. ರೀಸ್ಲಿಂಗ್ ಚಳಿಯನ್ನು ತಾಳುವ, ತಡವಾಗಿ ಮಾಗುವ ಬಳ್ಳಿ. ಹುಳಿ ಅದರಲ್ಲಿ ಹೆಚ್ಚು. ಆ ಹುಳಿಯೇ ರಸವನ್ನು ದಶಕಗಳ ಕಾಲ ಕೆಡದಂತೆ ಕಾಯುತ್ತದೆ. ಅಲ್ಲಿ ಕೊಯ್ಲಿಗೆ ಫುಲ್ಡಾದಿಂದ ಅಪ್ಪಣೆ ಬರಬೇಕಿತ್ತು. 1775ರಲ್ಲಿ ಅಪ್ಪಣೆ ತರುವ ಸವಾರ ತಡಮಾಡಿದನಂತೆ. ಅಷ್ಟರಲ್ಲಿ ಗೊಂಚಲುಗಳಿಗೆ ಬೂಷ್ಟು ಹಿಡಿದಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ಹಿಂಡಿದರು. ಹಿಂದೆಂದೂ ಕಾಣದ ಸವಿಯ ರಸ ಬಂದಿತು. ಆ ಬೂಷ್ಟು ಹಣ್ಣಿನ ನೀರನ್ನು ಹೀರಿ ಸಕ್ಕರೆಯನ್ನು ಗಟ್ಟಿಗೊಳಿಸುತ್ತದೆ ಎಂಬುದು ಇಂದು ಎಲ್ಲ ಬೆಳೆಗಾರರಿಗೂ ತಿಳಿದ ಮಾತು. ತಡಮಾಡಿದ ಆ ಸವಾರನಿಗೆ ಅಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದ್ದಾರೆ! ಪೂಜೆಗೆ ತಡವಾಗಿ ಬರುವ ನಮ್ಮವರು ಇದನ್ನು ನೆಪ ಮಾಡಿಕೊಳ್ಳದಿರಲಿ.

ಫ್ರಾನ್ಸಿನ ಶಾರ್ಡನೆಯ ಕಥೆ ಬೇರೆ. ಬರ್ಗಂಡಿ ಸೀಮೆಯ ಈ ಹೆಸರಾಂತ ತಳಿಗೆ ತನ್ನದೇ ಆದ ಗಾಢ ಪರಿಮಳವಿಲ್ಲ. ಬೆಳೆದ ಮಣ್ಣನ್ನೂ ಇರಿಸಿದ ಓಕ್ ಮರದ ಪೀಪಾಯಿಯನ್ನೂ ಅನುಸರಿಸಿ ರುಚಿ ಬದಲಿಸುತ್ತದೆ. 1114ರಲ್ಲಿ ಸ್ಥಾಪಿತವಾದ ಪೊಂತಿನ್ಯಿಯ ಸಿಸ್ಟರ್ಶಿಯನ್ ಮಠದವರು ಸಮೀಪದ ಶಾಬ್ಲಿಯಲ್ಲಿ ತೋಟಗಳನ್ನು ಬೆಳೆಸಿದರು. ಇಂದು ಅದು ಶಾರ್ಡನೆಯ ನಾಡು. 1999ರಲ್ಲಿ ವಿಜ್ಞಾನಿಗಳು ವಂಶವಾಹಿಗಳನ್ನು ಪರೀಕ್ಷಿಸಿ, ಕುಲೀನವಾದ ಪೀನೋ ಹಾಗೂ ರೈತರೂ ಕೀಳೆಂದು ಬದಿಗೊತ್ತಿದ್ದ ಗುಎ ಎಂಬ ಬಳ್ಳಿ ಇದರ ತಂದೆತಾಯಿಗಳೆಂದು ತೋರಿಸಿಕೊಟ್ಟರು.

ಸಿಹಿಯಾದ ಪೂಜಾ ದ್ರಾಕ್ಷಾರಸಕ್ಕೆ ಅನೇಕ ನಾಡುಗಳಲ್ಲಿ ಒದಗುವುದು ಮಸ್ಕಟ್. ಗುಲಾಬಿಯಲ್ಲಿರುವ ಕೆಲವು ಪರಿಮಳದ್ರವ್ಯಗಳೇ ಇದರಲ್ಲಿಯೂ ಇರುವುದರಿಂದ ಸೀಸೆ ತೆರೆದೊಡನೆ ಹೂವಿನ ಕಂಪು ಬರುತ್ತದೆ. ಸೊವಿನ್ಯೋನ್ ಬ್ಲಾಂಕ್ ಹಸಿ ಹುಲ್ಲಿನ ವಾಸನೆಯದು. ಲುವಾರ್ ನದಿ ಸೀಮೆಯ ಶೆನಿನ್ ಬ್ಲಾಂಕ್ ಬಿಸಿಲಿನಲ್ಲಿಯೂ ಹುಳಿಯನ್ನು ಉಳಿಸಿಕೊಳ್ಳುವುದರಿಂದ ನಮ್ಮ ನೆರೆಯ ನಾಸಿಕದಲ್ಲಿಯೂ ಬೇರೂರಿದೆ.

ದ್ರಾಕ್ಷಿ ದುರ್ಲಭವಾಗಿದ್ದ ಕಾಲದಲ್ಲಿ ಮಲಬಾರಿನ ಸಂತ ತೋಮರ ಕ್ರೈಸ್ತರು ಒಣದ್ರಾಕ್ಷಿಯನ್ನು ನೆನೆಸಿ ತೆಗೆದ ರಸದಿಂದ ಬಲಿಯರ್ಪಿಸುತ್ತಿದ್ದರು. ಬಣ್ಣ ರುಚಿಗಳಲ್ಲಿ ನಿಜವಾದ ದ್ರಾಕ್ಷಾರಸವೆನಿಸಿದರೆ ಅಂತಹುದನ್ನೂ ಧರ್ಮಸಭೆ ಒಪ್ಪಿದೆ. ಆಸ್ಟ್ರೇಲಿಯಾದಲ್ಲಿ ಯೇಸುಸಭೆಯ ಗುರುಗಳು 1851ರಲ್ಲಿ ಸೆವೆನ್‌ಹಿಲ್ ಎಂಬಲ್ಲಿ ತೋಟವನ್ನೇ ಮಾಡಿದರು.

ಇಷ್ಟೆಲ್ಲ ಎಚ್ಚರವೇಕೆ? ರಸ ಪೂರ್ತಿ ಹುಳಿತು ವಿನೆಗರ್ ಆಗಿದ್ದರೆ, ಅಥವಾ ದ್ರಾಕ್ಷಿಯದೇ ಅಲ್ಲದಿದ್ದರೆ, ಅಲ್ಲಿ ಬಲಿಪೂಜೆಯೇ ಸಿಂಧುವಾಗದು. ದಿನಕ್ಕೆ ಕೆಲವೇ ಚಮಚ ಖರ್ಚಾಗುವ ಸೀಸೆ ನಮ್ಮ ಸೆಕೆಯಲ್ಲಿ ವಾರಗಟ್ಟಲೆ ಉಳಿಯಬೇಕು. ಆದ್ದರಿಂದ ದ್ರಾಕ್ಷಿಯಿಂದಲೇ ಇಳಿಸಿದ ಮದ್ಯಸಾರವನ್ನು ಮಿತವಾಗಿ ಸೇರಿಸಿ ಬಲಪಡಿಸಲು ಅನುಮತಿಯುಂಟು. ಒಟ್ಟು ಮದ್ಯಾಂಶ ಶೇಕಡ 18ನ್ನು ಮೀರಬಾರದು. ಅಂಗಡಿಗಳಲ್ಲಿಯೂ ಅಂತರ್ಜಾಲದಲ್ಲಿಯೂ ಪೂಜಾಸಾಮಗ್ರಿ ಮಾರಾಟವಾಗತೊಡಗಿದ ಮೇಲೆ, 2017ರಲ್ಲಿ ವ್ಯಾಟಿಕನ್ ಧರ್ಮಾಧ್ಯಕ್ಷರಿಗೆಲ್ಲ ಪತ್ರ ಬರೆದು, ರೊಟ್ಟಿ-ದ್ರಾಕ್ಷಾರಸಗಳ ಶುದ್ಧತೆಯ ಮೇಲೆ ಕಣ್ಣಿಡುವಂತೆ ನೆನಪಿಸಿತು. ಮದ್ಯವನ್ನು ಸೇವಿಸಲಾಗದ ಗುರುಗಳಿಗೆ, ಧರ್ಮಾಧ್ಯಕ್ಷರ ಅನುಮತಿಯಿಂದ, ಹುಳಿಯುವುದನ್ನು ಆರಂಭದಲ್ಲೇ ತಡೆದ ರಸವನ್ನು ಬಳಸುವ ಅವಕಾಶವಿದೆ. ಈ ಕರುಣೆಯ ವಿಧಿ ನಮ್ಮಲ್ಲಿ ಹಲವರಿಗೆ ತಿಳಿದೇ ಇಲ್ಲ.

ಒಮ್ಮೆ ಕ್ರಿಸ್ಮಸ್ ಸಮೀಪಿಸಿದಾಗ ಹಿರಿಯ ತಾಯಿಯೊಬ್ಬರು ತಾವೇ ಮಾಡಿದ ವೈನಿನ ಸೀಸೆಯನ್ನು ಬಲಿಪೂಜೆಗೆಂದು ಗುರುಗಳಿಗೆ ತಂದೊಪ್ಪಿಸಿದ್ದನ್ನು ನಾವು ಕಂಡಿದ್ದೇವೆ. ಅದರಲ್ಲಿ ಸಕ್ಕರೆ, ಗೋಧಿ, ಲವಂಗ, ಚಕ್ಕೆ ಎಲ್ಲವೂ ಬಿದ್ದಿದ್ದವು. ನಮ್ಮ ಬಹುಪಾಲು ಮನೆಗಳ ಪದ್ಧತಿ ಇದೇ. ಗುರುಗಳು ಆ ಪದಾರ್ಥಗಳನ್ನು ಒಂದೊಂದಾಗಿ ಕೇಳಿ ತಿಳಿದು, ಬಲಿಪೀಠಕ್ಕೆ ಇದು ಸಲ್ಲದೆಂಬುದನ್ನು ಮೃದುವಾಗಿ ವಿವರಿಸಿದರು. ಅಜ್ಜಿಯ ಮುಖ ಬಾಡಿತು. ಹಬ್ಬದ ರಾತ್ರಿ ಪೂಜೆ ಮುಗಿದ ಮೇಲೆ ಗುರುಗಳು ಅವರ ಮನೆಗೇ ಹೋಗಿ, ಅದೇ ಸೀಸೆಯಿಂದ ಒಂದು ಲೋಟ ಕೇಳಿ ಕುಡಿದರು.