ಕಣ್ಣಿನ ಕ್ರಮ, ಕಿವಿಯ ಕ್ರಮ

ಮೈಸೂರಿನ ಯಾದವಗಿರಿಯ ನಮ್ಮ ಮನೆಯ ಮಹಡಿಯಲ್ಲಿ, ರೈಲಿನ ಕೂಗು ಕೇಳಿಸುವ ಕಿಟಕಿಯ ಬದಿಗೆ, ಒಂದು ತಗಡಿನ ಪೆಟ್ಟಿಗೆಯಿದೆ. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ರಚಿಸುವ ವೃತ್ತಿಯಲ್ಲಿ ನಾಲ್ಕು ದಶಕಗಳನ್ನು ಕಳೆದ ನಾನು ಆಯಾ ಕಾಲದಲ್ಲಿ ಬಳಸಿ ಬಿಟ್ಟ ಸಾಧನಗಳ ಕುರುಹುಗಳೆಲ್ಲ ಅದರಲ್ಲಿವೆ: 80 ಅಂಕಣಗಳ ಪಂಚ್ ಕಾರ್ಡುಗಳು, ಟೇಪಿನ ಒಂದು ಸುರುಳಿ, ಫ್ಲಾಪಿಗಳು, ಹಾಳೆ ಹಳದಿಗಟ್ಟಿದ ಕೈಪಿಡಿಗಳು.

ಕಾರ್ಡಿನ ಕಾಲದಲ್ಲಿ ಒಂದು ಕಾರ್ಡೆಂದರೆ ಕ್ರಮವಿಧಿಯ ಒಂದು ಸಾಲು. ಕಟ್ಟನ್ನು ಇಂದು ಒಪ್ಪಿಸಿದರೆ ಫಲಿತಾಂಶ ನಾಳೆ. ಒಂದು ಅಲ್ಪವಿರಾಮ ತಪ್ಪಿದರೂ ಮತ್ತೊಂದು ದಿನ ವ್ಯರ್ಥವಾಗುತ್ತಿದ್ದುದರಿಂದ, ಯಂತ್ರಕ್ಕೆ ಕೊಡುವ ಮುನ್ನ ಪ್ರತಿಯೊಂದು ಸಾಲನ್ನೂ ಮನಸ್ಸಿನಲ್ಲಿಯೇ ನಡೆಸಿ ನೋಡುವ ಅಭ್ಯಾಸ ನಮಗೆ ತಾನಾಗಿ ಬಂದಿತು. ಆಮೇಲೆ ತೆರೆ ಬಂದಿತು. ಬರೆದುದನ್ನು ಅಲ್ಲಿಯೇ ತಿದ್ದುವ ಸೌಕರ್ಯ ಬಂದಿತು. ತಿದ್ದುಪಡಿಗಳ ಇತಿಹಾಸವನ್ನೆಲ್ಲ ಕಾಪಾಡುವ, 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ‘ಗಿಟ್’ ಬಂದಿತು. ಈಗ, ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಕ್ರಮವಿಧಿಯನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ಇವುಗಳಲ್ಲಿ ಯಾವುದು ಮೇಲೆಂದು ಕಿರಿಯರು ಕೇಳುವುದುಂಟು. ಒಂದು ಸಾಧನ ಕಣ್ಮರೆಯಾದ ಬಳಿಕ, ಅದರಿಂದ ನಾವು ಮಾಡಿದ ಕೆಲಸ ಎಷ್ಟು ಉಳಿದಿರುತ್ತದೆಯೋ ಅಷ್ಟೇ ಆ ಸಾಧನದ ಯೋಗ್ಯತೆ ಎಂಬುದು ನನ್ನ ಉತ್ತರ. ಇದನ್ನು ನನಗೆ ಕಲಿಸಿದುದು ‘ಕಾರ್ಯ’ ಎಂಬ ಒಂದು ಪದ.

ತೊಂಬತ್ತರ ದಶಕದಲ್ಲಿ ನನ್ನ ಸೋದರಮಾವನವರು ಸಂಗ್ರಹಿಸಿದ್ದ ಪದಕೋಶವೊಂದನ್ನು, ಆಗ ದೊರೆಯುತ್ತಿದ್ದ ಒಂದು ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚಿಸಿ, ಅಕಾರಾದಿಯಾಗಿ ಜೋಡಿಸಲು ನಾನು ಕ್ರಮವಿಧಿಯೊಂದನ್ನು ಬರೆದೆ. ಆ ತಂತ್ರಾಂಶವು ಕನ್ನಡದ ಅಕ್ಷರಗಳನ್ನು ಇಡೀ ಅಕ್ಷರಗಳಾಗಿ ಇಡುತ್ತಿರಲಿಲ್ಲ. ಒಂದು ಬೈಟಿಗೆ ದಕ್ಕುವ 256 ಸ್ಥಾನಗಳಲ್ಲಿ, ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳಿಗೆ ಮೀಸಲಾದ ಎಡೆಗಳಲ್ಲಿ, ತಲೆಕಟ್ಟು, ಗುಡಿಸು, ಕೊಂಬು, ಒತ್ತು ಮೊದಲಾದ ಆಕಾರಗಳ ತುಂಡುಗಳನ್ನು ಕೂರಿಸಿತ್ತು. ಮುದ್ರಣಾಲಯದಲ್ಲಿ ಸೀಸದ ಮೊಳೆಗಳನ್ನು ಜೋಡಿಸುತ್ತಿದ್ದವರ ವಿಧಾನವೇ ಅದು: ಕಣ್ಣಿಗೆ ಎಡದಿಂದ ಬಲಕ್ಕೆ ಕಾಣುವ ಕ್ರಮವೇ ಅಲ್ಲಿ ಕ್ರಮ. ‘ಕಾರ್ಯ’ ಎನ್ನುವಾಗ ರಕಾರವನ್ನು ಮೊದಲು, ಯಕಾರವನ್ನು ಅನಂತರ ಉಚ್ಚರಿಸುತ್ತೇವೆ. ಬರೆಯುವಾಗಲಾದರೋ ಯಕಾರ ಮೊದಲು, ಅರ್ಕಾವೊತ್ತು ಅದರ ಹಿಂದೆ. ಆದುದರಿಂದ, ತುಂಡುಗಳಿಗೆಲ್ಲ ವರ್ಣಮಾಲೆಯ ಕ್ರಮವನ್ನು ನಾನು ಕಲಿಸಿಕೊಟ್ಟ ಮೇಲೂ, ‘ಕಾರ್ಯ’ವು ‘ಕಾಯ’ದ ಮಗ್ಗುಲಿಗೆ ಹೋಗಿ ನಿಂತಿತು; ಯಕಾರವು ರಕಾರಕ್ಕಿಂತ ಮುಂಚಿನದಾದುದರಿಂದ, ‘ಕಾರಣ’ವು ಅದರ ಹಿಂದೆ ಬಿದ್ದಿತು. ಕೆಲವು ವರ್ಷಗಳಲ್ಲಿ ಆ ತಂತ್ರಾಂಶವೇ ಇಲ್ಲವಾಯಿತು. ಅದರ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಕಡತವನ್ನು ತೆರೆದಾಗ, ಮಾವನವರ ಇಪ್ಪತ್ತು ವರ್ಷಗಳ ಶ್ರಮವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣಿಸಿತು.

ಅಂದು ನನಗೆ ನೆನಪಾದುದು ನಮ್ಮ ಊರಿನದೇ ಮತ್ತೊಂದು ಸಂಗತಿ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಸೇರಿದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಗ್ರಂಥಲಿಪಿಯಲ್ಲಿ ಬರೆದವನಾರೋ, ಅವನ ಕಂಠ ಯಾವುದೋ, ಯಾರಿಗೂ ತಿಳಿಯದು. ಲಿಪಿಯನ್ನು ಕುರಿತ ಒಡಂಬಡಿಕೆಯೊಂದು ತಲೆಮಾರುಗಳಿಂದ ಅಳಿಯದೆ ಬಂದಿದ್ದುದರಿಂದಲೇ ಅದನ್ನು ಓದಲು ಸಾಧ್ಯವಾಯಿತು. 1909ರಲ್ಲಿ ಅದು ಅಚ್ಚಾಗಿ ಲೋಕಕ್ಕೆ ದೊರಕಿತು. ನನ್ನ ಕಡತಕ್ಕಾದರೋ, ಹತ್ತು ವರ್ಷ ಬಾಳುವ ಒಡಂಬಡಿಕೆಯೂ ಇರಲಿಲ್ಲ.

ಅಂಥ ಒಡಂಬಡಿಕೆಯ ಬೀಜ ಕನ್ನಡದಲ್ಲಿಯೇ ಇತ್ತೆಂಬುದನ್ನು ನಾನು ತಡವಾಗಿ ಅರಿತೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ, ಇಂದಿಗೂ ‘ನುಡಿ’ ಮತ್ತಿತರ ತಂತ್ರಾಂಶಗಳಲ್ಲಿ ನಮ್ಮ ಬೆರಳುಗಳು ಬಳಸುವ ಕೀಲಿಮಣೆಯ ವಿನ್ಯಾಸವು ಧ್ವನಿಯನ್ನು ಅನುಸರಿಸುವುದು. ಒತ್ತಕ್ಷರಗಳಿಗೆ ಬೇರೆ ಕೀಲಿಗಳನ್ನು ಇಡದೆ, ‘ಎಫ್’ ಕೀಲಿಯನ್ನು ವ್ಯಂಜನಗಳನ್ನು ಬೆಸೆಯುವ ಕೊಂಡಿಯಾಗಿಸಿ, ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲಿಯೇ ಕನ್ನಡದ ಸಹಸ್ರಾರು ಸಂಯುಕ್ತಾಕ್ಷರಗಳನ್ನು ಅವರು ಅಡಗಿಸಿದರು. ‘ಸೂರ್ಯ’ ಎಂದು ಬರೆಯಲು ಸಕಾರ, ದೀರ್ಘ ಊಕಾರ, ರಕಾರ, ಕೊಂಡಿ, ಯಕಾರ ಎಂದು ಉಚ್ಚಾರಣೆಯ ಕ್ರಮದಲ್ಲಿಯೇ ಐದು ಸಲ ಒತ್ತಿದರೆ ಸಾಕು. ತೆರೆಯ ಹಿಂದೆ ತಂತ್ರಾಂಶವು ಅದನ್ನು ಕಣ್ಣಿನ ಕ್ರಮಕ್ಕೆ ಒಡೆದು ಇಡುತ್ತಿದ್ದ ಕಾಲದಲ್ಲಿಯೂ ಬೆರಳುಗಳು ಕಿವಿಯ ಕ್ರಮವನ್ನೇ ಹಿಡಿದಿದ್ದುವು.

ಭಾರತದ ಹಲವು ಲಿಪಿಗಳಿಗೆ ಒಂದೇ ಸಂಕೇತಮಾಲೆಯನ್ನು ನೀಡಿದ ‘ಇಸ್ಕಿ’ಯ 1988ರ ರೂಪವನ್ನು ಆಧಾರವಾಗಿಟ್ಟುಕೊಂಡು, 1991ರಲ್ಲಿ ಹೊರಬಂದ ಯುನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಕೊಟ್ಟಿತು. ಅದರಲ್ಲಿ ‘ಸೂರ್ಯ’ನೆಂದರೆ 3256, 3266, 3248, 3277, 3247 ಎಂಬ ಐದು ಸಂಖ್ಯೆಗಳು: ರಾವ್ ಅವರ ಕೀಲಿಮಣೆಯಲ್ಲಿ ಒತ್ತಿದ ಐದು ಒತ್ತುಗಳಿಗೆ ಸರಿಯಾಗಿ, ಅದೇ ಕ್ರಮದಲ್ಲಿ. ಅರ್ಕಾವೊತ್ತನ್ನು ಎಲ್ಲಿ ಬರೆಯಬೇಕೆಂಬುದನ್ನು ನಿರ್ಧರಿಸುವುದು ತೆರೆಯ ಮೇಲೆ ಅಕ್ಷರವನ್ನು ಚಿತ್ರಿಸುವ ವ್ಯವಸ್ಥೆಯ ಹೊಣೆ. ಕಡತದಲ್ಲಿ ಉಳಿಯುವುದು ನುಡಿ ಮಾತ್ರ. ಈ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ವಿಧಾನವನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಕಲ್ಪಿಸಿದಾಗ, ಸಂಖ್ಯೆಗಳಲ್ಲಿರುವ ಹಿರಿದು ಕಿರಿದಿನ ಕ್ರಮವು ಬೈಟುಗಳಲ್ಲಿಯೂ ಕೆಡದಂತೆ ನೋಡಿಕೊಂಡರು.

ನಿವೃತ್ತನಾದ ಮೇಲೆ, ಹಳೆಯ ತುಂಡುಗಳನ್ನು ಯುನಿಕೋಡಿಗೆ ತಿರುಗಿಸುವ ಕ್ರಮವಿಧಿಯನ್ನು, ಒಂದು ಮಳೆಗಾಲವಿಡೀ ಈ ಕಿಟಕಿಯ ಬಳಿ ಕುಳಿತು ಬರೆದೆ. ಹೊಸ ಕಾಲದ ಕೃತಕ ಬುದ್ಧಿಯ ನೆರವನ್ನೂ ಪಡೆದೆ. ಬೇಸರ ತರುವ ಭಾಗಗಳನ್ನು ಅದು ಕ್ಷಣಮಾತ್ರದಲ್ಲಿ ಬರೆದುಕೊಟ್ಟಿತು. ಆದರೆ ಅರ್ಕಾವೊತ್ತನ್ನು ಅದು ಒಂದು ವ್ಯಂಜನದಾಚೆಗೆ ಒಯ್ದಿದ್ದ ತಪ್ಪನ್ನು ಕಂಡುಹಿಡಿದುದು, ಸಾಲುಸಾಲನ್ನೂ ಮನಸ್ಸಿನಲ್ಲಿ ನಡೆಸಿ ನೋಡುವ ಪಂಚ್ ಕಾರ್ಡಿನ ಕಾಲದ ಅಭ್ಯಾಸ. ಇಂಥ ಯಂತ್ರಗಳು ಕಲಿಯುವುದು ಮನುಷ್ಯರು ಬರೆದಿಟ್ಟ ಪಠ್ಯದಿಂದ. ಹಳೆಯ ಅಕ್ಷರಶೈಲಿಗಳಲ್ಲಿ ಸೆರೆಯಾಗಿರುವ ಕನ್ನಡವು ಅವುಗಳಿಗೆ ಕನ್ನಡವೇ ಅಲ್ಲ. ಮನೆಮನೆಯ ಪೆಟ್ಟಿಗೆಗಳಲ್ಲಿರುವ ಅಂಥ ಕಡತಗಳನ್ನು ಬಿಡಿಸಿಕೊಡುವುದು ನಮ್ಮ ತಲೆಮಾರಿನವರು ಬದುಕಿರುವಾಗಲೇ ಆಗಬೇಕಾದ ಕೆಲಸ.

ಪರಿವರ್ತನೆ ಮುಗಿದ ದಿನ, ಪದಗಳನ್ನು ಜೋಡಿಸಲು ನಾನು ಹೊಸ ಕ್ರಮವಿಧಿಯನ್ನು ಬರೆಯಲಿಲ್ಲ; ಎಪ್ಪತ್ತರ ದಶಕದ ಆದಿಯಲ್ಲಿ ಬೆಲ್ ಪ್ರಯೋಗಾಲಯದ ಯೂನಿಕ್ಸ್ ವ್ಯವಸ್ಥೆಯೊಡನೆ ಬಂದ ‘ಸಾರ್ಟ್’ ಎಂಬ ಪುಟ್ಟ ಸಾಧನಕ್ಕೆ, ಬೈಟುಗಳ ಕ್ರಮದಲ್ಲಿ ಜೋಡಿಸೆಂದು ಕಡತವನ್ನು ಒಪ್ಪಿಸಿದೆ. ಕನ್ನಡವೆಂಬ ಭಾಷೆಯೊಂದು ಇರುವುದನ್ನೂ ಅರಿಯದ ಆ ಸಾಧನವು ನನ್ನ ಮಾವನವರ ಪದಗಳನ್ನು ಓರಣವಾಗಿ ನಿಲ್ಲಿಸಿತು. ಮೊದಲು ‘ಕಾರಣ’, ಬಳಿಕ ‘ಕಾರುಣ್ಯ’, ಅದರ ಹಿಂದೆ ‘ಕಾರ್ಯ’.